ಒಂಬತ್ತನೇ ನಂಬರಿನ ಗೇಟು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕಾಲಕ್ಕೆ ಅತಿ ಹೆಚ್ಚು ಜನ ನೋಡುತ್ತಿದ್ದ ಚಾನೆಲ್ಲಿಗೆ ಹೆಸರಿರಲಿಲ್ಲ. ಬಣ್ಣವಿರಲಿಲ್ಲ, ದನಿಯೂ ಇರಲಿಲ್ಲ. ಟೀವಿಯ ಒಂಬತ್ತನೇ ನಂಬರು ಒತ್ತಿದರೆ ಸಾಕು, ಕೆಳಗಿನ ಗೇಟು ಎದುರಿಗೆ ಬಂದು ನಿಲ್ಲುತ್ತಿತ್ತು. ಕಬ್ಬಿಣದ ಗೇಟಿನ ಒಂದು ರೆಕ್ಕೆ, ಆಚೆ ಒಂದು ಚೂರು ರಸ್ತೆ, ಈಚೆ ಸಿಮೆಂಟಿನ ಇಳಿಜಾರು, ಮೂಲೆಯಲ್ಲಿ ದಾರಕ್ಕೆ ಪೆನ್ನು ಕಟ್ಟಿದ್ದ ರಿಜಿಸ್ಟರು. ಹಗಲೂ ರಾತ್ರಿಯೂ ಇಷ್ಟೇ. ಆದರೂ ಸಂಜೆಯ ಧಾರಾವಾಹಿಗೆ ಜಾಹೀರಾತಿನ ಬಿಡುವು ಸಿಕ್ಕಿದ್ದೇ ತಡ, ನಾಲ್ಕೂ ಮಹಡಿಯ ರಿಮೋಟುಗಳು ಒಂಬತ್ತಕ್ಕೆ ಹಾರುತ್ತಿದ್ದವು. ಅಲ್ಲಿ ಏನಾಗುತ್ತಿದೆ? ಏನೂ ಆಗುತ್ತಿಲ್ಲ. ಅದನ್ನು ಖಾತ್ರಿ ಮಾಡಿಕೊಂಡು ಮತ್ತೆ ಧಾರಾವಾಹಿಗೆ ಮರಳುತ್ತಿದ್ದೆವು. ಅಲ್ಲಿಯೂ ಏನೂ ಆಗಿರುತ್ತಿರಲಿಲ್ಲ.

ಇದನ್ನು ಮಾಡಿಕೊಟ್ಟವನು ಕೇಬಲ್ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನು. ಕೇಬಲ್ಲಿನವನಿಗೆ ಎಷ್ಟೇ ವಯಸ್ಸಾದರೂ ಬೆಂಗಳೂರಿನಲ್ಲಿ ಅವನು ಹುಡುಗನೇ. ನಮ್ಮ ಬೀದಿಯಲ್ಲಿ ಕಳ್ಳತನದ ಸುದ್ದಿ ಹಬ್ಬಿದಾಗ ಅಸೋಸಿಯೇಷನ್ನಿನವರು ಗೇಟಿಗೊಂದು ಕ್ಯಾಮೆರಾ ಹಾಕಿಸೋಣವೆಂದರು. ಕ್ಯಾಮೆರಾ ಸರಿ, ಕೂತು ನೋಡುವವರು ಯಾರು? ಮನೆಮನೆಗೂ ಬೇರೆ ಪರದೆ ಕೊಡಿಸುವಷ್ಟು ಧಾರಾಳಿಗಳು ನಮ್ಮಲ್ಲಿ ಯಾರೂ ಇರಲಿಲ್ಲ. ಆಗ ಅವನೇ ದಾರಿ ಹೇಳಿದ: "ಎಲ್ಲರ ಮನೇಲೂ ಟೀವಿ ಇದೆ, ನನ್ ವೈರೂ ಇದೆ. ಅದರಲ್ಲೇ ಬಿಟ್ಬಿಡೋಣ ಸಾರ್." ಎಸ್.ಪಿ. ರಸ್ತೆಗೆ ಹೋಗಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ತಂದ. ಮಾಡ್ಯುಲೇಟರ್ ಅಂತೆ. ಕ್ಯಾಮೆರಾದ ಚಿತ್ರವನ್ನು ಟೀವಿ ಸ್ಟೇಷನ್ನಿನಿಂದ ಬರುವಂಥ ಸಿಗ್ನಲ್ಲಾಗಿ ಬದಲಿಸುವುದು ಅದರ ಕೆಲಸ. ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದ ಕಾಲದಲ್ಲಿ ಆಂಟೆನಾ ತೂತಿಗೆ ವೈರು ಸಿಕ್ಕಿಸಿ, ಒಂದು ಖಾಲಿ ಚಾನೆಲ್ಲಿಗೆ ಟ್ಯೂನ್ ಮಾಡಿಕೊಳ್ಳುತ್ತಿದ್ದುದು ಹಲವರಿಗೆ ನೆನಪಿರಬಹುದು. ವಿಸಿಆರಿನ ಹೊಟ್ಟೆಯೊಳಗೆ ಇರುತ್ತಿದ್ದುದೂ ಇದೇ ಸಾಮಾನು. ಆಗಿನ ಕೇಬಲ್ಲಿನಲ್ಲಿ ಒಂದೊಂದು ಚಾನೆಲ್ಲಿಗೂ ಏಳೆಂಟು ಮೆಗಾಹರ್ಟ್ಸ್ ಅಗಲದ ಒಂದೊಂದು ಜಾಗ. ಅಂಥದ್ದೊಂದು ಖಾಲಿ ಜಾಗ ಹುಡುಕಿ, ಮೀಟರ್ ಬೋರ್ಡಿನ ಪಕ್ಕದಲ್ಲಿ ಹೊರಗಿನ ಕೇಬಲ್ಲನ್ನೂ ನಮ್ಮ ಗೇಟನ್ನೂ ಕೂಡಿಸಿ, ಆಂಪ್ಲಿಫೈಯರಿಗೆ ಕೊಟ್ಟು ಎಲ್ಲ ಮಹಡಿಗೂ ಹಂಚಿದ. ಟೀವಿಯ ಪಾಲಿಗೆ ಉದಯ ಟೀವಿಯೂ ಒಂದೇ, ನಮ್ಮ ಗೇಟೂ ಒಂದೇ.

ಚಿತ್ರ ಚೆನ್ನಾಗಿತ್ತು ಎಂದು ಹೇಳಲಾರೆ. ಕ್ಯಾಮೆರಾವನ್ನು ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿ ಕೂರಿಸಿದ್ದರಿಂದ ಬಂದವರ ಮುಖಕ್ಕಿಂತ ನೆತ್ತಿಯೇ ಸ್ಪಷ್ಟವಾಗಿ ಕಾಣುತ್ತಿತ್ತು. ಹೀಗಾಗಿ ನೆತ್ತಿ ನೋಡಿ ನೆಂಟರನ್ನು ಗುರುತಿಸುವ ವಿದ್ಯೆ ನಮಗೆಲ್ಲ ಸಿದ್ಧಿಸಿತು. ಬಕ್ಕತಲೆಗಳಲ್ಲಿಯೂ ಎಷ್ಟು ಬಗೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ರಾತ್ರಿಯ ಚಿತ್ರದ ಗತ್ತೇ ಬೇರೆ. ಲೆನ್ಸಿನ ಸುತ್ತ ಇನ್‌ಫ್ರಾರೆಡ್ ದೀಪಗಳಿದ್ದವು. ನಮ್ಮ ಕಣ್ಣಿಗೆ ಮಂದವಾದ ಕೆಂಪು ಚುಕ್ಕೆಗಳು, ಕ್ಯಾಮೆರಾದ ಕಣ್ಣಿಗೆ ಹಗಲು. ಕ್ಯಾಮೆರಾದ ಬಳಿ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ. ಲೆನ್ಸಿಗೆ ಅಂಟಿಕೊಂಡಂತೆ ಬಲೆ ನೇಯ್ದರೆ ಒಂದೊಂದು ಎಳೆಯೂ ಪರದೆಯ ಮೇಲೆ ಹೊಳೆಯುವ ಬಿಳಿ ಹಗ್ಗ. ನಡುವೆ ಗೇಟಿಗಿಂತ ದೊಡ್ಡ ಜೇಡ. ಮೊದಲ ಸಲ ಅದನ್ನು ಕಂಡ ಎರಡನೇ ಮಹಡಿಯ ಅಜ್ಜಿ ಮಧ್ಯರಾತ್ರಿ ಇಂಟರ್‌ಕಾಮಿನಲ್ಲಿ ವಾಚ್‌ಮನ್‌ನನ್ನು ಎಬ್ಬಿಸಿದರು. ವಾಚ್‌ಮನ್ ಉದ್ದನೆಯ ಪೊರಕೆ ಹಿಡಿದು ಬಂದರು. ಆ ಪೊರಕೆಯ ಕಡ್ಡಿಗಳು ಇಡೀ ಪರದೆಯನ್ನು ಗುಡಿಸಿಹೋದದ್ದನ್ನು ಎದ್ದಿದ್ದವರೆಲ್ಲ ನೋಡಿದರು. ಎದ್ದಿದ್ದವರು ಬಹಳ ಜನವಿದ್ದರೆಂದು ಮರುದಿನ ಲಿಫ್ಟಿನ ಮಾತಿನಿಂದ ತಿಳಿಯಿತು.

ಕಳ್ಳನನ್ನು ಹಿಡಿಯಲು ಹಾಕಿದ ಕ್ಯಾಮೆರಾಕ್ಕೆ ಒಬ್ಬ ಕಳ್ಳನೂ ಬೀಳಲಿಲ್ಲ. ಬೇರೆ ಉಪಯೋಗಗಳು ಒಂದೊಂದಾಗಿ ಹುಟ್ಟಿಕೊಂಡವು. ಸೊಪ್ಪಿನಮ್ಮ ಗೇಟಿನ ಬಳಿ ಬಂದು ಮೆಂತ್ಯದ ಕಟ್ಟೊಂದನ್ನು, ಸಬ್ಬಸಿಗೆಯದೊಂದನ್ನು ಕ್ಯಾಮೆರಾದತ್ತ ಎತ್ತಿ ಹಿಡಿಯುವುದನ್ನು ತಾನೇ ಕಲಿತಳು. ಮೇಲೆ ಟೀವಿಯಲ್ಲಿ ನೋಡಿದವರು ಬಾಲ್ಕನಿಗೆ ಬಂದು, "ಎರಡು ಕಟ್ಟು ಇಡಮ್ಮಾ" ಎಂದು ಕೂಗುತ್ತಿದ್ದರು. ಬಾಲ್ಕನಿಯಿಂದಲೇ ಸೊಪ್ಪು ಕಾಣುವುದಿಲ್ಲವೇ ಎಂದರೆ ಕಾಣುತ್ತದೆ. ಆದರೆ ಟೀವಿಯಲ್ಲಿ ಬಂದ ಸೊಪ್ಪಿನ ಮೇಲೆ ನಮಗೆ ನಂಬಿಕೆ ಜಾಸ್ತಿ. ಸ್ಕೂಲ್ ವ್ಯಾನಿನಿಂದ ಇಳಿದ ಮಕ್ಕಳು ಮೇಲಿರುವ ಅಜ್ಜಿ ತಾತಂದಿರಿಗೆಂದು ಕ್ಯಾಮೆರಾದ ಕೆಳಗೆ ನಾಲ್ಕು ಹೆಜ್ಜೆ ಕುಣಿದೇ ಲಿಫ್ಟು ಹತ್ತುತ್ತಿದ್ದವು. ಸ್ವಲ್ಪ ದೊಡ್ಡ ಮಕ್ಕಳದು ಬೇರೆಯದೇ ಅಧ್ಯಯನ: ಚಿತ್ರ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅವರು ಅಳೆದು ಇಟ್ಟುಕೊಂಡಿದ್ದರು. ಸ್ನೇಹಿತನ ಬೈಕಿನಿಂದ ಇಳಿಯುವುದೆಲ್ಲ ಅದರಾಚೆಗೆ. ಪರದೆಯೊಳಗೆ ಬರುವಾಗ ಒಬ್ಬರೇ, ತಲೆತಗ್ಗಿಸಿ, ಪುಸ್ತಕ ಎದೆಗವಚಿಕೊಂಡು.

ಪಾಪ, ಕಷ್ಟವಾದದ್ದು ವಾಚ್‌ಮನ್ನರಿಗೆ. ರಾಯಚೂರಿನ ಕಡೆಯವರು. ಕೂತರೆ ಕೂತರು, ತೂಕಡಿಸಿದರೆ ತೂಕಡಿಸಿದರು ಎಂದು ಮೇಲಿನಿಂದ ದೂರು. ಒಂದು ದಿನ ಅವರ ಪ್ಲಾಸ್ಟಿಕ್ ಕುರ್ಚಿ ನಿಧಾನವಾಗಿ ಸರಿಯತೊಡಗಿತು. ಇವತ್ತು ಪೂರ್ತಿ ಕಂಡದ್ದು ನಾಳೆ ಮುಕ್ಕಾಲು, ಆಮೇಲೆ ಅರ್ಧ. ಕೊನೆಗೆ ಪರದೆಯ ಎಡ ಅಂಚಿನಲ್ಲಿ ಕುರ್ಚಿಯ ಒಂದು ಕಾಲು ಮಾತ್ರ ಉಳಿಯಿತು. ಆ ಕಾಲು ಕಾಣುತ್ತಿರುವಷ್ಟು ಹೊತ್ತು ವಾಚ್‌ಮನ್ ಡ್ಯೂಟಿಯಲ್ಲಿದ್ದಾರೆಂದು ನಾವೂ, ತಾವು ಯಾರ ಕಣ್ಣಿಗೂ ಬೀಳುತ್ತಿಲ್ಲವೆಂದು ಅವರೂ ನೆಮ್ಮದಿಯಾಗಿದ್ದೆವು.

ಈ ಗೀಳು ನಮಗೊಬ್ಬರಿಗೇ ಇತ್ತೆಂದಲ್ಲ. ಲಂಡನ್ನಿನ ಶೋರ್‌ಡಿಚ್ ಬಡಾವಣೆಯಲ್ಲಿ 2006ರಲ್ಲಿ ಬೀದಿಯ ಸಿಸಿಟಿವಿ ಕ್ಯಾಮೆರಾಗಳನ್ನು ಅಲ್ಲಿನ ನಿವಾಸಿಗಳು ತಮ್ಮ ಮನೆಯ ಟೀವಿಯಲ್ಲೇ ನೋಡುವ ಯೋಜನೆಯೊಂದು ಶುರುವಾಗಿ, ಪತ್ರಿಕೆಗಳಲ್ಲಿ ಪರವಿರೋಧದ ಮಾತು ಬೇಕಾದಷ್ಟು ನಡೆಯಿತು. ಪೊಲೀಸರ ಕೆಲಸವನ್ನು ಜನರ ಸೋಫಾಕ್ಕೆ ವರ್ಗಾಯಿಸಿದ್ದಾರೆ ಎಂಬ ಆಕ್ಷೇಪ ಒಂದು ಕಡೆ, ಹಣಕಿ ನೋಡುವ ಚಟಕ್ಕೆ ಸರ್ಕಾರಿ ಮುದ್ರೆ ಬಿತ್ತು ಎಂಬುದು ಇನ್ನೊಂದು ಕಡೆ. ನಮ್ಮಲ್ಲಿ ಚರ್ಚೆಯೇನೂ ನಡೆಯಲಿಲ್ಲ. ಹಣಕಿ ನೋಡುವುದಕ್ಕೆ ಮುದ್ರೆ ಬೇಕೆಂದು ನಮಗೆ ಅನ್ನಿಸಿರಲೇ ಇಲ್ಲ.

ನಿಜ ಹೇಳಬೇಕೆಂದರೆ, ಒಂಬತ್ತನೇ ನಂಬರಿನ ದೊಡ್ಡ ಉಪಕಾರ ಇದಾವುದೂ ಅಲ್ಲ. ಅದು ನಮಗೆ ಕೊಡುತ್ತಿದ್ದದ್ದು ನೆಂಟರು ಗೇಟು ದಾಟಿದ ಹೊತ್ತಿಗೂ ಬೆಲ್ಲು ಬಾರಿಸುವ ಹೊತ್ತಿಗೂ ನಡುವಿನ ಒಂದೆರಡು ನಿಮಿಷ. ನಮ್ಮ ಲಿಫ್ಟಿನ ಸಾವಧಾನದಿಂದ ಅದು ಮೂರೂ ಆಗುತ್ತಿತ್ತು. ಅಷ್ಟರಲ್ಲಿ ಎಷ್ಟೊಂದು ಸಂಸಾರ ಸರಿಹೋಗುತ್ತಿತ್ತು! ಪಂಚೆ ಹೋಗಿ ಪ್ಯಾಂಟು ಬರುತ್ತಿತ್ತು. ಸೋಫಾದ ಮೇಲೆ ಗುಡ್ಡೆ ಬಿದ್ದ ಒಣಗಿದ ಬಟ್ಟೆ ಒಂದೇ ಅಪ್ಪುಗೆಯಲ್ಲಿ ಮಲಗುವ ಕೋಣೆಗೆ ಹೋಗುತ್ತಿತ್ತು. ಗೃಹಪ್ರವೇಶಕ್ಕೆ ಅವರೇ ಕೊಟ್ಟ ಗಡಿಯಾರ ಬೀರುವಿನ ತಳದಿಂದ ಎದ್ದು ಗೋಡೆಯೇರುತ್ತಿತ್ತು. ಅಡುಗೆಮನೆಯಲ್ಲಿ ಡಿಕಾಕ್ಷನ್ನಿಗೆ ನೀರು ಬಿದ್ದಾಗಿರುತ್ತಿತ್ತು. ಆಮೇಲೆ ಬೆಲ್ಲಾದರೆ ಬಾಗಿಲು ತೆಗೆದು, ಕಣ್ಣರಳಿಸಿ, "ಅಯ್ಯೋ! ಇದೇನ್ರೀ, ಹೇಳದೆ ಕೇಳದೆ! ಎಂಥಾ ಖುಷಿಯಾಯ್ತು!" ಎನ್ನುವುದು. ಬಂದವರ ಮನೆಯಲ್ಲೂ ಅಂಥದ್ದೇ ಒಂದು ಚಾನೆಲ್ ಇದ್ದರೆ ಆ ಅಚ್ಚರಿಯ ಬೆಲೆ ಅವರಿಗೂ ಗೊತ್ತಿರುತ್ತಿತ್ತು. ಆದರೂ ಇಬ್ಬರೂ ಪಾತ್ರ ಬಿಟ್ಟುಕೊಡುತ್ತಿರಲಿಲ್ಲ. ಬೇಡದ ನೆತ್ತಿಯೊಂದು ಕಂಡಾಗ ದೀಪ ಆರಿಸಿ, ಟೀವಿಯ ದನಿ ಅಡಗಿಸಿ, ಮಗುವಿನ ಬಾಯಿ ಮುಚ್ಚಿ ಕೂತ ಮನೆಗಳೂ ಇದ್ದವು. ಚೀಟಿ ದುಡ್ಡು ಬಾಕಿಯಿದ್ದ ನಮ್ಮ ಎದುರು ಮನೆಯವರು ಈ ಕಲೆಯಲ್ಲಿ ಬಹಳ ಪಳಗಿದ್ದರು.

ಬಾಗಿಲ ಆಚೆ ಯಾರು ಎಂಬ ಅಂಜಿಕೆಗೆ ನಾವು ಹಿಂದೆ ಬೇರೆ ಉಪಾಯ ಮಾಡಿದ್ದುಂಟು. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕರೆಯುತ್ತಾ ಬಾಗಿಲು ಬಡಿಯುತ್ತದೆ, ತೆರೆದವರ ಕಥೆ ಮುಗಿಯಿತು ಎಂಬ ಪುಕಾರು ಬೆಂಗಳೂರಿನಿಂದ ಹಳ್ಳಿಗಳವರೆಗೂ ಹಬ್ಬಿತ್ತು. ಅದಕ್ಕೆ ಜನ ಕಂಡುಕೊಂಡ ಪರಿಹಾರ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂತಿರುಗುತ್ತಿತ್ತು. ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಲು ಬರುವ, ಹೇಳಿದ ಮಾತಿಗೆ ಬೆಲೆ ಕೊಡುವ ಅಂಥ ದೆವ್ವ ಮತ್ತೆ ಸಿಗುವುದಿಲ್ಲ.

ಬಾಗಿಲ ಆಚೆ ಯಾರೆಂಬ ಅಂಜಿಕೆಯಿಂದಲೇ ಟೀವಿಗೂ ಬಾಗಿಲಿಗೂ ಮೊದಲು ನಂಟು ಬೆಸೆದವಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಮಹಿಳೆ. ನರ್ಸು. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್. ಇಬ್ಬರದೂ ಹೊತ್ತುಗೊತ್ತಿಲ್ಲದ ದುಡಿಮೆ. ಅವಳು ಮನೆಯಲ್ಲಿ ಒಬ್ಬಳೇ ಇರಬೇಕಾಗುತ್ತಿತ್ತು, ಕರೆದರೆ ಪೊಲೀಸರು ಬೇಗ ಬರುವ ಬಡಾವಣೆಯಲ್ಲ. ಬಾಗಿಲಲ್ಲಿ ಮೇಲೆ ಕೆಳಗೆ ನಾಲ್ಕು ಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಒಂದು ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟೀವಿ ಪರದೆ, ಮಾತಾಡಲು ಮೈಕು, ಬಂದವರು ಬೇಕಾದವರಾದರೆ ಕೂತಲ್ಲಿಂದಲೇ ಚಿಲಕ ತೆರೆಯಲು ಗುಂಡಿ. ಗಂಡಹೆಂಡಿರು 1966ರಲ್ಲಿ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ನಾಲ್ಕು ಕಿಂಡಿ ಏಕೆಂದರೆ ಬಂದವರು ಎತ್ತರದವರೂ ಇರಬಹುದು, ಮಕ್ಕಳೂ ಇರಬಹುದು. ನೆತ್ತಿ ನೋಡಿ ಬಾಳಿದ ನನಗೆ ಈ ವಿವರ ಓದಿದಾಗ ಹೊಟ್ಟೆಕಿಚ್ಚಾಯಿತು. ಇದಕ್ಕೂ ಹಿಂದೆ, 1942ರಲ್ಲಿ, ಜರ್ಮನರು ಪೀನೆಮ್ಯುಂಡೆಯಲ್ಲಿ ವಿ-2 ರಾಕೆಟ್ಟು ಹಾರುವುದನ್ನು ದೂರದಿಂದ ನೋಡಲು ಕ್ಯಾಮೆರಾ, ತಂತಿ, ಪರದೆಯ ಏರ್ಪಾಡು ಮಾಡಿಕೊಂಡಿದ್ದರು. ಅದನ್ನು ಕಟ್ಟಿದ ಎಂಜಿನಿಯರ್ ವಾಲ್ಟರ್ ಬ್ರೂಖ್, ಮುಂದೆ ಅರವತ್ತರ ದಶಕದಲ್ಲಿ 'ಪಾಲ್' ಎಂಬ ಬಣ್ಣದ ಟೀವಿ ಪದ್ಧತಿಯನ್ನು ಕಂಡುಹಿಡಿದವನು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮ ದೂರದರ್ಶನ ಬಣ್ಣ ಹಚ್ಚಿಕೊಂಡದ್ದು ಅದೇ ಪದ್ಧತಿಯಲ್ಲಿ. ರಾಕೆಟ್ಟು ನೋಡಲು ಹುಟ್ಟಿದ ಏರ್ಪಾಡಿನಲ್ಲಿ ನಾವು ಸಬ್ಬಸಿಗೆ ಸೊಪ್ಪು ನೋಡುತ್ತಿದ್ದೆವು. ನಮ್ಮದೇ ವಾಸಿ.

ಹೀಗಿರುವಾಗ ಡಿಜಿಟಲ್ ಬಂತು. 1995ರ ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿತ್ತು. ಮೊದಲು ನಾಲ್ಕು ಮಹಾನಗರ, ಆಮೇಲೆ ಎರಡನೇ ಹಂತದಲ್ಲಿ 38 ನಗರ. ಅದರಲ್ಲಿ ನಮ್ಮ ಬೆಂಗಳೂರು, ಮೈಸೂರು. ಗಡುವು 2013ರ ಮಾರ್ಚ್ 31. ಮನೆಮನೆಗೂ ಸೆಟ್ ಟಾಪ್ ಬಾಕ್ಸು ಕಡ್ಡಾಯ. ಟೀವಿಯ ಮೇಲೆ ಇಡಬೇಕಾದ ಪೆಟ್ಟಿಗೆ. ಅಷ್ಟು ಹೊತ್ತಿಗೆ ಟೀವಿಗಳು ತೆಳ್ಳಗಾಗಿ ಮೇಲೆ ಏನೂ ನಿಲ್ಲದಂತಾಗಿದ್ದರಿಂದ ಕೆಳಗೆ ಇಟ್ಟೆವು. ಚಿತ್ರ ಸ್ವಚ್ಛ, ದನಿ ಸ್ವಚ್ಛ, ಚಾನೆಲ್ಲುಗಳು ನೂರಾರು. ಎಲ್ಲವೂ ಚೆಂದ ಎಂದುಕೊಂಡು ಒಂಬತ್ತು ಒತ್ತಿದರೆ ಯಾವುದೋ ಭಾಷೆಯ ಭಕ್ತಿಗೀತೆ.

"ಗೇಟ್ ಎಲ್ಲಪ್ಪಾ?" ಎಂದರೆ ಕೇಬಲ್ ಹುಡುಗ ಹೇಳಿದ್ದು: "ಬಾಕ್ಸಿಗೆ ಗೇಟ್ ಗೊತ್ತಾಗಲ್ಲ ಸಾರ್."

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಬಾಕ್ಸಿಗೆ ಗೊತ್ತಿರುವುದು ಡಿಜಿಟಲ್ ಸಿಗ್ನಲ್ಲು ಮಾತ್ರ; ಯಾವ ನಂಬರಿನಲ್ಲಿ ಏನು ಬರಬೇಕೆಂಬ ಪಟ್ಟಿ ಸಿದ್ಧವಾಗುವುದು ಊರಾಚೆ ಇರುವ ಕೇಬಲ್ ಕಂಪನಿಯ ಹೆಡ್‌ಎಂಡಿನಲ್ಲಿ. ನಮ್ಮ ಗೇಟು ಸೇರಿಕೊಂಡದ್ದೋ ನಮ್ಮ ಮೆಟ್ಟಿಲ ಬುಡದಲ್ಲಿ, ಹಳೆಯ ಅನಲಾಗ್ ವೇಷದಲ್ಲಿ. ತಂತಿಯಲ್ಲಿ ಅದು ಹರಿಯುತ್ತಲೇ ಇತ್ತು. ಬಾಕ್ಸು ಅದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತಿತ್ತು. ಮನೆ ಮೇಲೆ ಡಿಟಿಎಚ್ ಬುಟ್ಟಿ ಕೂರಿಸಿಕೊಂಡವರಿಗೆ ಈ ನಷ್ಟ ಮೊದಲೇ ಆಗಿತ್ತು. "ನಮ್ಮವರು ಬಂದ್ರಾ ನೋಡಿ ಹೇಳ್ರೀ" ಎಂದು ಅವರು ಪಕ್ಕದ ಮನೆಗೆ ಫೋನು ಮಾಡುವಾಗ ನಾವು ಒಳಗೊಳಗೇ ಬೀಗಿದ್ದೆವು.

ಹುಡುಗ ಒಂದು ಉಪಾಯ ಮಾಡಿದ. ಬಾಕ್ಸಿನ ಹಿಂಬದಿಯಲ್ಲಿ ಕೇಬಲ್ ಒಳಗೆ ಬರುವ ತೂತಿನ ಪಕ್ಕದಲ್ಲೇ ಹೊರಗೆ ಹೋಗುವ ಇನ್ನೊಂದು ತೂತು. ಬಂದದ್ದನ್ನು ಬಂದ ಹಾಗೇ ಮುಂದಕ್ಕೆ ಬಿಡುವುದು ಅದರ ಕೆಲಸ. ಅಲ್ಲಿಂದ ಒಂದು ಗೇಣು ವೈರು ಎಳೆದು ಟೀವಿಯ ಹಳೆಯ ಆಂಟೆನಾ ತೂತಿಗೆ ಸಿಕ್ಕಿಸಿದ. ಇನ್ನು ಮುಂದೆ ಧಾರಾವಾಹಿ ಬೇಕಾದರೆ ಟೀವಿಯನ್ನು ಎವಿಯಲ್ಲಿ ಇಟ್ಟು ಬಾಕ್ಸಿನ ರಿಮೋಟು. ಗೇಟು ಬೇಕಾದರೆ ಟೀವಿ ರಿಮೋಟಿನಲ್ಲಿ ಎವಿಯಿಂದ ಟೀವಿಗೆ ಬಂದು ಒಂಬತ್ತು. ಎರಡನೇ ಮಹಡಿಯ ಅಜ್ಜಿ ಒಂದು ರಿಮೋಟಿಗೆ ಕುಂಕುಮ, ಇನ್ನೊಂದಕ್ಕೆ ಅರಿಶಿನ ಹಚ್ಚಿ ಒಂದು ಮಧ್ಯಾಹ್ನದಲ್ಲಿ ಕಲಿತರು. ಅವರ ಎಂಜಿನಿಯರ್ ಅಳಿಯ ಕೊನೆಯವರೆಗೂ ಕಲಿಯಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅನಲಾಗ್ ನಿಂತ ಮೇಲೆ ಖಾಲಿಯಾದ ಜಾಗಗಳಿಗೆಲ್ಲ ಡಿಜಿಟಲ್ ಬಂದು ಕೂರತೊಡಗಿತು. ಹಿಂದೆ ಒಂದು ಚಾನೆಲ್ ಕೂರುತ್ತಿದ್ದ ಜಾಗದಲ್ಲಿ ಈಗ ಹತ್ತಕ್ಕೂ ಹೆಚ್ಚು ಕೂರುತ್ತವೆ. ಅಂಥ ಒಂದು ಗುಂಪು ನಮ್ಮ ಗೇಟಿನ ಜಾಗಕ್ಕೇ ಬಂತು. ಇಬ್ಬರಿಗೂ ಸುಖವಿಲ್ಲ. ಗೇಟಿನ ತುಂಬ ಮಂಜು ಸುರಿಯಿತು. ಅತ್ತ ಧಾರಾವಾಹಿಯ ನಾಯಕಿ ಅತ್ತೆಗೆ ಎದುರುತ್ತರ ಕೊಡಲು ಬಾಯಿ ತೆರೆದವಳು ಹಾಗೆಯೇ ಚೌಕಚೌಕವಾಗಿ ಒಡೆದುಹೋದಳು. ಆ ಉತ್ತರ ಏನಿತ್ತೆಂದು ನಮ್ಮ ಕಟ್ಟಡದಲ್ಲಿ ಯಾರಿಗೂ ತಿಳಿಯಲಿಲ್ಲ. ಅಸೋಸಿಯೇಷನ್ನಿನ ಸಭೆ ಸೇರಿತು. ಗೇಟು ಬೇಕೆನ್ನುವವರು ಒಂದು ಕಡೆ, ಧಾರಾವಾಹಿ ಬೇಕೆನ್ನುವವರು ಇನ್ನೊಂದು ಕಡೆ. ನೀರಿನ ಟ್ಯಾಂಕರಿನ ದರ ಏರಿದಾಗಲೂ ಇಷ್ಟು ಜನ ಸೇರಿರಲಿಲ್ಲ. ಒಂದು ಜಾಗವನ್ನು ಮಾತ್ರ ತೆರವು ಮಾಡುವ ಫಿಲ್ಟರುಗಳಿವೆ, ಗೇಟನ್ನೇ ಡಿಜಿಟಲ್ ಮಾಡಿ ಬಿಡುವ ಯಂತ್ರವೂ ಇದೆ ಎಂದು ಹುಡುಗ ವಿವರಿಸಿದ. ಬೆಲೆ ಕೇಳಿದ ಖಜಾಂಚಿಗಳು ಮೈಕು ಕೆಳಗಿಟ್ಟರು. ಮೀಟರ್ ಬೋರ್ಡಿನ ಪಕ್ಕದ ಪೆಟ್ಟಿಗೆಯ ಪ್ಲಗ್ಗನ್ನು ಆ ವಾರವೇ ಕಿತ್ತರು.

ಮರುದಿನ ಬೆಳಿಗ್ಗೆ ಹಾಲಿಗೆ ಇಳಿದಾಗ ನೋಡುತ್ತೇನೆ, ವಾಚ್‌ಮನ್ನರ ಕುರ್ಚಿ ಗೇಟಿನ ನಟ್ಟನಡುವೆ, ಹೊಂಗೆಯ ನೆರಳಿನಲ್ಲಿ. ಡಿಜಿಟಲೀಕರಣದ ಪೂರ್ತಿ ಲಾಭ ನಮ್ಮಲ್ಲಿ ಸಿಕ್ಕಿದ್ದು ಅವರೊಬ್ಬರಿಗೇ.

2019ರಲ್ಲಿ ಹೊಸ ದರಪದ್ಧತಿ ಬಂದು ನೂರು ಚಾನೆಲ್ಲಿಗೆ 130 ರೂಪಾಯಿ, ತೆರಿಗೆ ಬೇರೆ, ಅದರ ಮೇಲೆ ಬೇಕಾದ ಚಾನೆಲ್ಲಿಗೆ ಬೇಕಾದಷ್ಟು ಎಂದಾಯಿತು. ಪಟ್ಟಿ ಹಿಡಿದು ಟಿಕ್ ಮಾಡಲು ಕೂತಾಗ ನನಗೆ ತಿಳಿದದ್ದು, ದುಡ್ಡು ಕೊಟ್ಟಾದರೂ ನೋಡಬೇಕೆನ್ನಿಸುವ ಚಾನೆಲ್ಲು ಆ ಪಟ್ಟಿಯಲ್ಲೇ ಇಲ್ಲ ಎಂದು. ದೂರದರ್ಶನದ ವಾಹಿನಿಗಳನ್ನು ಕೊಡಲೇಬೇಕೆಂದು ಕಾನೂನಿನಲ್ಲಿದೆ. ಗೇಟಿನ ಪರವಾಗಿ ಪಾರ್ಲಿಮೆಂಟಿನಲ್ಲಿ ಯಾರೂ ಎದ್ದು ನಿಲ್ಲಲಿಲ್ಲ.

ಈಗ ಗೇಟು ಫೋನಿನೊಳಗೆ ಹೋಗಿದೆ. ಮೈಗೇಟ್ ಎಂಬ ಕಂಪನಿ 2016ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅಂಥ ಆ್ಯಪ್‌ಗಳು ಇಂದು ಹಲವು, ನಮ್ಮ ಕಟ್ಟಡಕ್ಕೂ ಒಂದಿದೆ. ಬಂದವರ ಹೆಸರು, ಕೆಲವೊಮ್ಮೆ ಫೋಟೋ, ನಮ್ಮ ಅಂಗೈಗೆ ಬರುತ್ತದೆ. ಒಪ್ಪಿಗೆ ಕೊಡಿ, ಇಲ್ಲವೇ ನಿರಾಕರಿಸಿ. ಭದ್ರತೆಯ ದೃಷ್ಟಿಯಿಂದ ಇದು ಒಂಬತ್ತನೇ ನಂಬರಿಗಿಂತ ನೂರು ಪಾಲು ಮೇಲು. ನನ್ನ ಮನೆಗೆ ಯಾರು ಬಂದರೆಂದು ನಾಲ್ಕು ಮಹಡಿಗೆ ಗೊತ್ತಾಗುವುದಿಲ್ಲ. ಎದುರು ಮನೆಯವರ ಚೀಟಿ ವ್ಯವಹಾರ ಎಲ್ಲಿಗೆ ಬಂತೆಂದು ನನಗೂ ಗೊತ್ತಾಗುತ್ತಿಲ್ಲ, ಆ ಮಾತು ಬೇರೆ. ಆದರೆ ಹಿಂದೆ ಬಂದವರನ್ನು ಊರೆಲ್ಲ ನೋಡುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ. ಈಗ ಯಾರೂ ನೋಡುವುದಿಲ್ಲ, ಎಲ್ಲರನ್ನೂ ತಡೆಯುತ್ತೇವೆ. ಹಾಲಿನಲ್ಲಿ ಸೋಫಾದ ತುಂಬ ಒಣಗಿದ ಬಟ್ಟೆ ಗುಡ್ಡೆಬಿದ್ದಿದ್ದರೆ ಓಡಾಡಬೇಕಾಗಿಲ್ಲ. ಬಟ್ಟೆ ಮಡಿಸಿ ಮುಗಿಯುವವರೆಗೆ ನೆಂಟರನ್ನು ಗೇಟಿನಲ್ಲೇ ನಿಲ್ಲಿಸಿಕೊಳ್ಳಬಹುದು. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಓಡಾಟದಲ್ಲಿ ಒಂದು ಮರ್ಯಾದೆಯಿತ್ತು.

ಹೋದ ವರ್ಷ ಮೈಸೂರಿನಿಂದ ಚಿಕ್ಕಮ್ಮ ಬಂದರು. ಹೇಳಿ ಬರುವ ಪದ್ಧತಿ ಅವರಿಗಿಲ್ಲ. ನಾನು ಸ್ನಾನಕ್ಕೆ ಹೋಗಿದ್ದೆ, ಮನೆಯಲ್ಲಿ ಇನ್ಯಾರೂ ಇರಲಿಲ್ಲ, ಫೋನು ಕೋಣೆಯಲ್ಲಿ ಚಾರ್ಜಿಗಿತ್ತು. ಹೊರಬಂದು ನೋಡಿದರೆ ಪರದೆಯ ತುಂಬ ಒಪ್ಪಿಗೆಯ ಕೋರಿಕೆಗಳು. ಫೋಟೋದ ಜಾಗದಲ್ಲಿ ಅರ್ಧ ಅಂಗೈ. ತೆಗೆಸಿಕೊಳ್ಳಲು ಒಪ್ಪಿಲ್ಲ ಎಂದು ಅರ್ಥವಾಯಿತು. ಹಸಿರು ಗುಂಡಿ ಒತ್ತಿ, ಅದನ್ನೂ ನಂಬದೆ, ಒದ್ದೆತಲೆಯಲ್ಲೇ ಕೆಳಗೆ ಓಡಿದೆ.

ಚಿಕ್ಕಮ್ಮ ಹೊಂಗೆಯ ನೆರಳಿನಲ್ಲಿ ವಾಚ್‌ಮನ್ನರ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದರು. ವಾಚ್‌ಮನ್ ಪಕ್ಕದ ಕಟ್ಟೆಯ ಮೇಲೆ. ನಡುವೆ ಎಣ್ಣೆ ಹೀರಿದ ಕಾಗದದ ಪೊಟ್ಟಣ. ರೈಲಿನಲ್ಲಿ ನಮಗೆಂದು ತೆಗೆದುಕೊಂಡ ಮದ್ದೂರು ವಡೆ.

"ಏನೋ, ನಿನ್ ಮನೆಗೆ ಬರಕ್ಕೆ ನಿನ್ ಫೋನಿನ ಅಪ್ಪಣೆ ಬೇಕೇನೋ?" ಎಂದರು.

"ಸಾಹೇಬ್ರ, ನಾ ಹೇಳೀನ್ರಿ, ಓಕೆ ಬರೋತನಕ ಕುಂದರ್ರಿ ಅಂತ. ಅಮ್ಮಾರು ಭಾಳ ಛಲೋ ಅದಾರ," ಎಂದರು ವಾಚ್‌ಮನ್, ಬಾಯಿ ಒರೆಸಿಕೊಳ್ಳುತ್ತಾ.

ಪೊಟ್ಟಣದಲ್ಲಿ ಒಂದೇ ವಡೆ ಉಳಿದಿತ್ತು. ಅದನ್ನೂ ಅವರಿಗೇ ಕೊಟ್ಟು ಚಿಕ್ಕಮ್ಮ ಎದ್ದರು.